ಕಂತು ಮುಗಿದ ಮೇಲೆ

1953ರ ಜುಲೈ–ಆಗಸ್ಟ್‌ನಲ್ಲಿ ಬಿಬಿಸಿ ಆರು ವಾರ ಒಂದು ಧಾರಾವಾಹಿಯನ್ನು ನೇರಪ್ರಸಾರ ಮಾಡಿತು. ನೈಜೆಲ್ ನೀಲ್ ಬರೆದ ‘ದ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಅದು. ಬಾಹ್ಯಾಕಾಶಕ್ಕೆ ಹೋಗಿಬಂದ ಮನುಷ್ಯನೊಬ್ಬ ದಿನದಿನಕ್ಕೆ ಮನುಷ್ಯನಲ್ಲದ ಏನೋ ಆಗುತ್ತ ಹೋಗುವ ಕಥೆ. ನಟರು ಸ್ಟುಡಿಯೋದಲ್ಲಿ ಆಡಿದ ಹೊತ್ತಿಗೇ ಜನ ಮನೆಯಲ್ಲಿ ಕೂತು ನೋಡಿದರು. ಮೊದಲೆರಡು ಕಂತುಗಳು ಮಾತ್ರ ಫಿಲ್ಮಿಗೆ ಇಳಿದು ಉಳಿದುಕೊಂಡವು. ಮಿಕ್ಕ ನಾಲ್ಕು ನೋಡಿದವರ ನೆನಪಿನಲ್ಲಷ್ಟೇ ಇದ್ದವು.

ಎರಡು ವರ್ಷದ ಬಳಿಕ ಹ್ಯಾಮರ್ ಎಂಬ ಚಿಕ್ಕ ಬ್ರಿಟಿಷ್ ಕಂಪನಿ ಅದನ್ನೇ ಸಿನಿಮಾ ಮಾಡಿತು, ನಿರ್ದೇಶಕ ವಾಲ್ ಗೆಸ್ಟ್. ದೊಡ್ಡವರಿಗೆ ಮಾತ್ರ ಎನ್ನುವ ‘ಎಕ್ಸ್’ ಸರ್ಟಿಫಿಕೇಟನ್ನೇ ಪ್ರಚಾರಕ್ಕೆ ಬಳಸಿಕೊಳ್ಳಲು ಶೀರ್ಷಿಕೆಯ ಕಾಗುಣಿತವನ್ನೂ ತಿದ್ದಿತು. ಚಿತ್ರ ಗೆದ್ದಿತು, ಹ್ಯಾಮರ್ ಭಯಾನಕ ಚಿತ್ರಗಳ ಕಡೆ ಹೊರಳಿದ್ದು ಈ ಗೆಲುವಿನಿಂದ. ಆದರೆ ನೀಲ್‌ಗೆ ಸಮಾಧಾನವಿರಲಿಲ್ಲ. ಆ ಯಾನವನ್ನು ಕಳಿಸಿದ ಅವರ ಪ್ರೊಫೆಸರ್ ಕ್ವಾಟರ್‌ಮಾಸ್ ತನ್ನ ತಪ್ಪಿಗೆ ತಾನೇ ನರಳುವ ಮನುಷ್ಯ. ಚಿತ್ರದಲ್ಲಿ ಅಮೆರಿಕದ ಬ್ರಯನ್ ಡಾನ್‌ಲೆವಿ ಅವನನ್ನು ಎಲ್ಲರ ಮೇಲೂ ರೇಗುವ ಮೇಲಧಿಕಾರಿಯನ್ನಾಗಿ ಮಾಡಿದರು. ಧಾರಾವಾಹಿಯ ಕೊನೆಯಲ್ಲಿ ಪ್ರೊಫೆಸರ್ ಆ ಜೀವಿಯಲ್ಲಿ ಒಂದಾಗಿ ಇನ್ನೂ ಉಳಿದಿರುವ ಗಗನಯಾನಿಗಳೊಂದಿಗೆ ಮಾತಾಡುತ್ತಾನೆ, ತಮ್ಮನ್ನು ತಾವೇ ಕೊನೆಗಾಣಿಸಿಕೊಳ್ಳುವಂತೆ ಬೇಡುತ್ತಾನೆ. ಚಿತ್ರದಲ್ಲಿ ಅದನ್ನು ವಿದ್ಯುತ್ ಹಾಯಿಸಿ ಸುಡುತ್ತಾರೆ. ಆರು ವಾರ ಜೊತೆಗಿದ್ದು ಬೆಳೆದ ಕನಿಕರಕ್ಕೆ ಎಂಬತ್ತು ನಿಮಿಷದ ಚಿತ್ರದಲ್ಲಿ ಜಾಗ ಸಿಗಲಿಲ್ಲ.

ಕಿರುತೆರೆಯಿಂದ ಹಿರಿತೆರೆಗೆ ಬಂದ ಕಥೆಗಳ ಎಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವುದು ಕಾಲದ ಈ ಪ್ರಶ್ನೆಯೇ. ಧಾರಾವಾಹಿಯ ನಿಜವಾದ ಬಂಡವಾಳ ಕಾಲ. ಅದೇ ಮುಖಗಳು, ವಾರ ವಾರ, ನಮ್ಮದೇ ಮನೆಯೊಳಗೆ, ವರ್ಷಗಟ್ಟಲೆ. ಸಿನಿಮಾದ ಕೈಯಲ್ಲಿರುವುದು ಎರಡು ಗಂಟೆ. ಕಳೆದುಹೋಗುವ ಆ ಕಾಲಕ್ಕೆ ಬದಲಾಗಿ ಏನು ಕೊಡಬೇಕೆಂದು ಯೋಚಿಸಿದವರ ಚಿತ್ರಗಳು ನಿಂತಿವೆ. ವೇಷ, ಶೀರ್ಷಿಕೆ ಸಂಗೀತ, ಕಾರುಗಳನ್ನಷ್ಟೇ ಹೊತ್ತು ತಂದವರ ಚಿತ್ರಗಳು ಸೋತಿವೆ.

ಮೊದಮೊದಲು ಅಮೆರಿಕದಲ್ಲಿ ಈ ತೊಡಕು ಅಷ್ಟಾಗಿ ಕಾಣಿಸಲಿಲ್ಲ. ಅಲ್ಲಿ ಚಿತ್ರಗಳಾದದ್ದು ಹೆಚ್ಚಾಗಿ ಒಂದೇ ರಾತ್ರಿಯ ಟಿವಿ ನಾಟಕಗಳು. ಪ್ಯಾಡಿ ಚಯೆಫ್‌ಸ್ಕಿಯ ‘ಮಾರ್ಟಿ’ 1953ರಲ್ಲಿ ಟಿವಿಯಲ್ಲಿ ಬಂತು. 1955ರಲ್ಲಿ ಅದೇ ನಿರ್ದೇಶಕ ಡೆಲ್ಬರ್ಟ್ ಮಾನ್ ಅದನ್ನು ಸಿನಿಮಾ ಮಾಡಿದರು, ಅದು ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ರೆಜಿನಾಲ್ಡ್ ರೋಸ್ ಬರೆದ ‘12 ಆಂಗ್ರಿ ಮೆನ್’ 1954ರಲ್ಲಿ ಟಿವಿ ನಾಟಕವಾಗಿತ್ತು, 1957ರಲ್ಲಿ ಸಿಡ್ನಿ ಲುಮೆಟ್ ಕೈಯಲ್ಲಿ ಅಮರವಾಯಿತು. ಇವು ಮೊದಲೇ ಪೂರ್ಣಗೊಂಡ ಕೃತಿಗಳು. ಅವನ್ನು ಹಿಗ್ಗಿಸಿದರೆ ಸಾಕಿತ್ತು.

ವಾರಕ್ಕೊಮ್ಮೆ ಬರುವ ಸರಣಿಗಳದ್ದು ಬೇರೆ ಮಾತು. ಜ್ಯಾಕ್ ವೆಬ್ 1954ರಲ್ಲಿ ತಮ್ಮ ‘ಡ್ರ್ಯಾಗ್ನೆಟ್’ ಪೊಲೀಸ್ ಸರಣಿಯನ್ನು ಅದು ಪ್ರಸಾರವಾಗುತ್ತಿದ್ದಾಗಲೇ ಬಣ್ಣದಲ್ಲಿ ಚಿತ್ರ ಮಾಡಿದರು. ಮನೆಯ ಪೆಟ್ಟಿಗೆಯಲ್ಲಿ ಆಗ ಬಹುಮಟ್ಟಿಗೆ ಕಪ್ಪು ಬಿಳುಪೇ, ಹಾಗಾಗಿ ಬಣ್ಣವೇ ದೊಡ್ಡ ಆಕರ್ಷಣೆ. 1966ರ ‘ಬ್ಯಾಟ್‌ಮ್ಯಾನ್’ ಚಿತ್ರ ಸರಣಿಯ ಮೊದಲ ಎರಡು ಸೀಸನ್‌ಗಳ ನಡುವೆ ಬಂತು. ಸಿನಿಮಾ ಬಜೆಟ್ಟಿನಲ್ಲಿ ತಯಾರಾದ ಹೆಲಿಕಾಪ್ಟರ್, ದೋಣಿಗಳ ದೃಶ್ಯಗಳನ್ನು ಮುಂದೆ ಕಂತುಗಳಲ್ಲೂ ಬಳಸಿಕೊಂಡರು. ಹಿಗ್ಗಿಸಿದ ಕಂತು ಅದು, ಆದರೆ ತಾನು ಅಷ್ಟೇ ಎಂದು ಅರಿತಿರುವ ಕಂತು. ಇಂದಿಗೂ ಮಕ್ಕಳ ಜೊತೆ ಸಂತೋಷವಾಗಿ ನೋಡಬಹುದು.

ಎಪ್ಪತ್ತರ ದಶಕದ ಬ್ರಿಟನ್ನಿನಲ್ಲಿ ಹಾಸ್ಯ ಸರಣಿಗಳೆಲ್ಲ ಸಾಲಾಗಿ ಚಿತ್ರಮಂದಿರಕ್ಕೆ ಬಂದವು. ಹ್ಯಾಮರ್ 1971ರಲ್ಲಿ ಕಡಿಮೆ ಖರ್ಚಿನಲ್ಲಿ ತೆಗೆದ ‘ಆನ್ ದ ಬಸಸ್’ ಗಲ್ಲಾಪೆಟ್ಟಿಗೆಯನ್ನು ಎಷ್ಟು ತುಂಬಿಸಿತೆಂದರೆ ಅದಕ್ಕೆ ಇನ್ನೂ ಎರಡು ಭಾಗಗಳು ಬಂದವು. ‘ಡ್ಯಾಡ್ಸ್ ಆರ್ಮಿ’, ‘ಸ್ಟೆಪ್ಟೋ ಆ್ಯಂಡ್ ಸನ್’ ಕೂಡ ಬಂದವು. ಒಂದೇ ಕೋಣೆಯಲ್ಲಿ ಅರ್ಧ ಗಂಟೆ ಒಬ್ಬರನ್ನೊಬ್ಬರು ಸಹಿಸಲಾಗದೆ, ಬಿಟ್ಟಿರಲೂ ಆಗದೆ ಕೂತಿರುವುದರಿಂದ ಹುಟ್ಟುವ ನಗು ಈ ಸರಣಿಗಳದ್ದು. ಸಿನಿಮಾ ಆ ಕೋಣೆಯ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳಿಸಿತು, ಎಷ್ಟೋ ಸಲ ಪ್ರವಾಸಕ್ಕೇ ಕಳಿಸಿತು. ‘ಆರ್ ಯೂ ಬೀಯಿಂಗ್ ಸರ್ವ್ಡ್?’ನ ಅಂಗಡಿ ಸಿಬ್ಬಂದಿ 1977ರ ಚಿತ್ರದಲ್ಲಿ ಸ್ಪೇನಿಗೆ ರಜೆಗೆ ಹೋದರು. ಹೊರಗಿನ ಬೆಳಕು ಬಿದ್ದೊಡನೆ ನಗು ಬತ್ತಿತು.

ಈ ಚರಿತ್ರೆಯ ದೊಡ್ಡ ತಿರುವು ‘ಸ್ಟಾರ್ ಟ್ರೆಕ್’. 1966ರಿಂದ 1969ರವರೆಗೆ 79 ಕಂತು ಪ್ರಸಾರ ಮಾಡಿ ಎನ್‌ಬಿಸಿ ವಾಹಿನಿ ನಿಲ್ಲಿಸಿದ ಬಾಹ್ಯಾಕಾಶ ಸರಣಿ. ನಿಂತ ಮೇಲೆ ಸ್ಥಳೀಯ ವಾಹಿನಿಗಳ ಮರುಪ್ರಸಾರದಲ್ಲಿ ಅದು ಮೊದಲಿಗಿಂತ ಹೆಚ್ಚು ಬೆಳೆಯಿತು. ಅಭಿಮಾನಿಗಳ ಸಮಾವೇಶಗಳು ಶುರುವಾದವು. ಪ್ಯಾರಮೌಂಟ್ ಹೊಸ ಟಿವಿ ಸರಣಿಯನ್ನೇ ಯೋಜಿಸಿತ್ತು. ಅಷ್ಟರಲ್ಲಿ 1977ರ ಬಾಹ್ಯಾಕಾಶ ಚಿತ್ರಗಳ ಗೆಲುವು ಕಂಡು, ಮೊದಲ ಕಂತಿಗೆಂದು ಬರೆದಿದ್ದ ಕಥೆಯನ್ನೇ ಸಿನಿಮಾಕ್ಕೆ ಹಿಗ್ಗಿಸಿತು. 1979ರಲ್ಲಿ ರಾಬರ್ಟ್ ವೈಸ್ ನಿರ್ದೇಶನದಲ್ಲಿ ಬಂದ ಆ ಚಿತ್ರಕ್ಕೆ 4 ಕೋಟಿ ಡಾಲರ್ ಮೀರಿ ಖರ್ಚಾಯಿತು. ಅದರಲ್ಲಿ ಕ್ಯಾಪ್ಟನ್ ಕರ್ಕ್ ತನ್ನ ಹಳೆಯ ನೌಕೆಯನ್ನು ಸುತ್ತುಹಾಕಿ ನೋಡುವ ಸುದೀರ್ಘ ದೃಶ್ಯವಿದೆ. ಹತ್ತು ವರ್ಷ ಕಾದವರಿಗೆ ಅದು ದರ್ಶನ. ಮಿಕ್ಕವರಿಗೆ ನಿಂತುಹೋದ ಕಥೆ. ಆ ದೃಶ್ಯವನ್ನು ನಾನು ಪ್ರೀತಿಸುತ್ತೇನೆ, ಆದರೆ ಅಲ್ಲಿ ನೌಕೆಗೆ ಸಿಕ್ಕ ಗಮನ ಅದರೊಳಗಿನ ಮನುಷ್ಯರಿಗೆ ಸಿಗಲಿಲ್ಲವೆಂಬುದು ನಿಜ.

ಎರಡನೆಯ ಚಿತ್ರಕ್ಕೆ ಸ್ಟುಡಿಯೋ ಕರೆತಂದದ್ದು ಟಿವಿಯಲ್ಲೇ ಪಳಗಿದ ಹಾರ್ವ್ ಬೆನೆಟ್ ಅವರನ್ನು. ಸರಣಿಯ ಗಂಧವಿಲ್ಲದ ಬೆನೆಟ್ ಎಲ್ಲ ಕಂತುಗಳನ್ನೂ ಕೂತು ನೋಡಿದರು. 1967ರ ಒಂದು ಕಂತಿನಲ್ಲಿ ಕರ್ಕ್ ದೂರದ ಗ್ರಹವೊಂದರಲ್ಲಿ ಬಿಟ್ಟುಬಂದ ಖಾನ್ ಎಂಬ ವೈರಿ ಅವರ ಕಣ್ಣಿಗೆ ಬಿದ್ದ. ಅವನು ಆಮೇಲೆ ಏನಾದ? ಕಂತು ಮುಗಿದ ಮೇಲೆ ಯಾರೂ ಕೇಳಿರದ ಪ್ರಶ್ನೆ ಅದು. ಖಾನ್ ಪಾತ್ರ ಮಾಡಿದ್ದ ರಿಕಾರ್ಡೊ ಮೊಂಟಲ್ಬಾನ್ ಹದಿನೈದು ವರ್ಷ ಹೆಚ್ಚಾದ ಮುಖದೊಂದಿಗೆ ಮತ್ತೆ ಬಂದರು. ನಿರ್ದೇಶಕ ನಿಕೊಲಸ್ ಮೆಯರ್ ಕಥೆಯನ್ನು ಆರಂಭಿಸಿದ್ದು ಕರ್ಕ್‌ನ ಹುಟ್ಟುಹಬ್ಬದ ದಿನ. ಗೆಳೆಯ ತಂದ ಉಡುಗೊರೆ ಓದುವ ಕನ್ನಡಕ. ನಟರಿಗೆ ವಯಸ್ಸಾದದ್ದನ್ನು ಮೊದಲ ಚಿತ್ರ ಮರೆಮಾಚಲು ನೋಡಿತ್ತು. ‘ದ ರಾತ್ ಆಫ್ ಖಾನ್’ ಅದನ್ನೇ ಕಥೆಯ ವಸ್ತು ಮಾಡಿತು. ಸಾವನ್ನು ಸದಾ ಉಪಾಯದಿಂದ ದಾಟಿದ್ದ ಕರ್ಕ್ ಇಲ್ಲಿ ಗಾಜಿನ ಗೋಡೆಯ ಆಚೆ ತನ್ನ ಆಪ್ತ ಸಂಗಾತಿ ಸ್ಪಾಕ್ ಸಾಯುವುದನ್ನು ನೋಡಬೇಕಾಗುತ್ತದೆ. ಮೊದಲಿನದರ ಮೂರನೇ ಒಂದು ಭಾಗಕ್ಕೂ ಕಡಿಮೆ ಖರ್ಚಿನಲ್ಲಿ, 1982ರಲ್ಲಿ ಬಂದ ಈ ಚಿತ್ರಕ್ಕಿಂತ ಒಳ್ಳೆಯ ರೂಪಾಂತರ ನನಗೆ ತಿಳಿದಂತೆ ಇಲ್ಲ. ಸರಣಿಯನ್ನು ನೋಡಿರದವರನ್ನೂ ಅದು ಅಳಿಸುತ್ತದೆ. ನೋಡಿದವರಿಗಂತೂ ಕಳೆದ ವರ್ಷಗಳೆಲ್ಲ ಆ ಗಾಜಿನ ಮೇಲೆ ಬಂದು ನಿಲ್ಲುತ್ತವೆ.

ಅದೇ 1982ರ ಜುಲೈ 23ರಂದು ಹಲವು ಕಥೆಗಳ ‘ಟ್ವಿಲೈಟ್ ಜೋನ್’ ಚಿತ್ರದ ಚಿತ್ರೀಕರಣದಲ್ಲಿ ಹೆಲಿಕಾಪ್ಟರ್ ಬಿದ್ದು ನಟ ವಿಕ್ ಮಾರೋ ಮತ್ತು ಇಬ್ಬರು ಮಕ್ಕಳು ಸತ್ತರು. ಆ ಮಕ್ಕಳನ್ನು ಕಾನೂನು ಮೀರಿ, ರಾತ್ರಿ ಹೊತ್ತಿನಲ್ಲಿ ಕೆಲಸಕ್ಕೆ ತರಲಾಗಿತ್ತು. ಆ ಭಾಗದ ನಿರ್ದೇಶಕ ಜಾನ್ ಲ್ಯಾಂಡಿಸ್ ಮತ್ತು ಜೊತೆಯವರು 1987ರಲ್ಲಿ ಖುಲಾಸೆಯಾದರು. 1983ರಲ್ಲಿ ತೆರೆಕಂಡ ಚಿತ್ರದಲ್ಲಿ ಜಾರ್ಜ್ ಮಿಲ್ಲರ್ ನಿರ್ದೇಶಿಸಿದ ವಿಮಾನದ ಕಥೆ ಅದ್ಭುತವಾಗಿದೆ. ಆದರೆ ಒಂದು ಹಳೆಯ ಟಿವಿ ಸರಣಿಯನ್ನು ದೊಡ್ಡದಾಗಿ ಕಾಣಿಸುವ ಹಂಬಲಕ್ಕೆ ತೆತ್ತ ಬೆಲೆಯನ್ನು ಮರೆತು ಆ ಚಿತ್ರವನ್ನು ನೋಡಲು ನನಗೆ ಆಗಿಲ್ಲ.

ಸೋತ ಸರಣಿ ಸಿನಿಮಾದಲ್ಲಿ ಗೆದ್ದದ್ದೂ ಉಂಟು. 1982ರ ‘ಪೊಲೀಸ್ ಸ್ಕ್ವಾಡ್!’ ಹಾಸ್ಯ ಸರಣಿಯನ್ನು ಎಬಿಸಿ ಆರು ಕಂತಿಗೆ ಮುಗಿಸಿತು. ಗಮನವಿಟ್ಟು ನೋಡದಿದ್ದರೆ ಅದರ ಹಾಸ್ಯ ದಕ್ಕುವುದಿಲ್ಲವೆಂಬುದು ವಾಹಿನಿಯ ಮುಖ್ಯಸ್ಥರು ಕೊಟ್ಟ ಕಾರಣ. ಅದು ಅಸಂಬದ್ಧವೆಂದು ಎಷ್ಟೋ ಜನ ಹೇಳಿದ್ದಾರೆ, ಆದರೆ ಮಾತಿನಲ್ಲಿ ಸತ್ಯವಿದೆ. ಮನೆಯಲ್ಲಿ ಟಿವಿ ನೋಡುವವರು ಅಡುಗೆಯನ್ನೂ ನೋಡುತ್ತಾರೆ, ಮಕ್ಕಳನ್ನೂ ನೋಡುತ್ತಾರೆ. ಈ ಸರಣಿಯ ಅರ್ಧ ಹಾಸ್ಯ ಇದ್ದದ್ದು ಮಾತಾಡುವವರ ಬೆನ್ನ ಹಿಂದೆ, ದೃಶ್ಯದ ಮೂಲೆಯಲ್ಲಿ. 1988ರಲ್ಲಿ ಅದೇ ತಂಡ, ಅದೇ ಲೆಸ್ಲಿ ನೀಲ್ಸನ್ ‘ದ ನೇಕೆಡ್ ಗನ್’ ಎಂದು ಚಿತ್ರಮಂದಿರದ ಕತ್ತಲಿಗೆ ಬಂದಾಗ ಜನ ಕುರ್ಚಿಯಿಂದ ಬೀಳುವಷ್ಟು ನಕ್ಕರು.

ತೊಂಬತ್ತರ ದಶಕ ಈ ಕ್ಷೇತ್ರದ ಸುಗ್ಗಿ. ಟಿವಿ ನೋಡುತ್ತ ಬೆಳೆದ ಮಕ್ಕಳು ಆಗ ಸ್ಟುಡಿಯೋಗಳ ಅಧಿಕಾರಿಗಳಾಗಿದ್ದರು, ಪರಿಚಿತ ಹೆಸರಿದ್ದರೆ ಪ್ರಚಾರ ಸುಲಭವಿತ್ತು. ಈ ಬೆಳೆಯಲ್ಲಿ ನಾನು ಎತ್ತಿಟ್ಟುಕೊಳ್ಳುವುದು ‘ದ ಫ್ಯುಜಿಟಿವ್’ ಅನ್ನು. ಮೂಲ ಸರಣಿ 1963ರಿಂದ 1967ರವರೆಗೆ 120 ಕಂತು. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಡಾಕ್ಟರ್ ರಿಚರ್ಡ್ ಕಿಂಬಲ್ ಪ್ರತಿ ವಾರ ಹೊಸ ಊರಿಗೆ ಬರುತ್ತಾನೆ, ಯಾರದೋ ಕಷ್ಟಕ್ಕೆ ಆಗುತ್ತಾನೆ, ಗುರುತು ಸಿಗುವ ಮೊದಲೇ ಹೊರಡುತ್ತಾನೆ. 1967ರ ಆಗಸ್ಟ್ 29ರಂದು ಒಂಟಿಗೈಯ ಕೊಲೆಗಾರ ಸಿಕ್ಕುವ ಕೊನೆಯ ಕಂತು ಅಮೆರಿಕದ ಅದುವರೆಗಿನ ವೀಕ್ಷಣೆಯ ದಾಖಲೆಯನ್ನು ಮುರಿಯಿತು. 1993ರಲ್ಲಿ ನಿರ್ದೇಶಕ ಆ್ಯಂಡ್ರ್ಯೂ ಡೇವಿಸ್ ಆ ಊರೂರು ಅಲೆದಾಟವನ್ನೇ ಕೈಬಿಟ್ಟರು. ಹ್ಯಾರಿಸನ್ ಫೋರ್ಡ್‌ನ ಕಿಂಬಲ್ ದೂರ ಓಡುವುದಿಲ್ಲ. ತನ್ನದೇ ಷಿಕಾಗೋಗೆ, ಬಂಧನದ ಬಾಯಿಗೇ ವಾಪಸು ಬರುತ್ತಾನೆ. ಆದರೂ ಸರಣಿಯ ಜೀವ ಹೋಗಲಿಲ್ಲ. ವೇಷ ಮರೆಸಿಕೊಂಡು ಆಸ್ಪತ್ರೆ ಹೊಕ್ಕ ಕಿಂಬಲ್ ಅಲ್ಲೊಬ್ಬ ಹುಡುಗನಿಗೆ ತಪ್ಪು ಚಿಕಿತ್ಸೆ ಆಗುತ್ತಿರುವುದನ್ನು ಕಂಡು, ಸಿಕ್ಕಿಬೀಳುವ ಅಪಾಯ ಲೆಕ್ಕಿಸದೆ, ದಾಖಲೆ ತಿದ್ದಿ ಶಸ್ತ್ರಚಿಕಿತ್ಸೆಗೆ ಕಳಿಸುತ್ತಾನೆ. ನಾಲ್ಕು ವರ್ಷದ ಕಂತುಗಳ ಸಾರವೆಲ್ಲ ಆ ಒಂದು ಪ್ರಸಂಗದಲ್ಲಿದೆ. ಬೆನ್ನಟ್ಟುವ ಅಧಿಕಾರಿಯಾಗಿ ಟಾಮಿ ಲೀ ಜೋನ್ಸ್ ಆಸ್ಕರ್ ಪಡೆದರು.

‘ದ ಬ್ರೇಡಿ ಬಂಚ್ ಮೂವಿ’ (1995) ಕಾಲದ ಪ್ರಶ್ನೆಗೆ ಜಾಣ ಉತ್ತರ ಕಂಡುಕೊಂಡಿತು: ಸುತ್ತಲಿನ ಊರು 1995ರಲ್ಲಿದ್ದರೂ ಈ ಕುಟುಂಬ ಎಪ್ಪತ್ತರ ದಶಕದಲ್ಲೇ, ಯಾವ ಮುಜುಗರವೂ ಇಲ್ಲದೆ ಬಾಳುತ್ತದೆ. ಉಳಿದವು ‘ದ ಬೆವರ್ಲಿ ಹಿಲ್‌ಬಿಲೀಸ್’, ‘ಕಾರ್ 54’, ‘ಮೆಕ್‌ಹೇಲ್ಸ್ ನೇವಿ’, ‘ದ ಮಾಡ್ ಸ್ಕ್ವಾಡ್’. ಇವುಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. 1998ರ ‘ದಿ ಅವೆಂಜರ್ಸ್’ ಮಾತ್ರ ನೋವು ಕೊಟ್ಟ ಸೋಲು. ಅರವತ್ತರ ದಶಕದ ಆ ಬ್ರಿಟಿಷ್ ಸರಣಿಯ ಸೊಬಗೆಲ್ಲ ಗೂಢಚಾರರಾದ ಸ್ಟೀಡ್ ಮತ್ತು ಎಮಾ ಪೀಲ್ ನಡುವಿನ ಸಲೀಸು ಒಡನಾಟದಲ್ಲಿತ್ತು, ಕಂತಿನಿಂದ ಕಂತಿಗೆ ಅದು ಪಕ್ವವಾಗಿತ್ತು. ರೇಫ್ ಫೈನ್ಸ್, ಉಮಾ ಥರ್ಮನ್‌ರಂಥ ನಟರಿದ್ದೂ ಚಿತ್ರಕ್ಕೆ ಅದು ಒಲಿಯಲಿಲ್ಲ. ಸ್ಟುಡಿಯೋ ಅದನ್ನು ಕತ್ತರಿಸಿ 89 ನಿಮಿಷಕ್ಕೆ ಇಳಿಸಿತು, ವಿಮರ್ಶಕರಿಗೆ ಮೊದಲು ತೋರಿಸಲೂ ಇಲ್ಲ. ಮರುವರ್ಷದ ‘ವೈಲ್ಡ್ ವೈಲ್ಡ್ ವೆಸ್ಟ್’ 17 ಕೋಟಿ ಡಾಲರಿನ ಆಸುಪಾಸಿನಲ್ಲಿ ತಯಾರಾಯಿತು, ಅದರಲ್ಲೊಂದು ಬೃಹತ್ ಯಾಂತ್ರಿಕ ಜೇಡವಿದೆ. ಅದರ ನಿರ್ದೇಶಕ ಬ್ಯಾರಿ ಸೊನೆನ್‌ಫೆಲ್ಡ್ ‘ದಿ ಆ್ಯಡಮ್ಸ್ ಫ್ಯಾಮಿಲಿ’ಯನ್ನು 1991ರಲ್ಲಿ ಎಷ್ಟು ಅಕ್ಕರೆಯಿಂದ ತೆರೆಗೆ ತಂದಿದ್ದರೆಂದು ನೆನೆದರೆ ಖೇದವಾಗುತ್ತದೆ. ಅಲ್ಲಿ ಗಂಡ ಹೆಂಡಿರ ಪ್ರೇಮವಿತ್ತು. ಇಲ್ಲಿ ಜೇಡವಿದೆ. ಮೂಲ ಸರಣಿಯ ನಾಯಕ ರಾಬರ್ಟ್ ಕಾನ್‌ರಾಡ್ ಈ ಚಿತ್ರಕ್ಕೆ ಬಂದ ಕೆಟ್ಟ ಚಿತ್ರದ ಪ್ರಶಸ್ತಿಗಳನ್ನು ತಾವೇ ವೇದಿಕೆ ಹತ್ತಿ ಸ್ವೀಕರಿಸಿ ತಮ್ಮ ಸಿಟ್ಟು ತೋರಿಸಿದರು.

ಹಣದ ಲೆಕ್ಕದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು ‘ಮಿಷನ್: ಇಂಪಾಸಿಬಲ್’. ಬ್ರೂಸ್ ಗೆಲ್ಲರ್ ಸೃಷ್ಟಿಸಿದ ಮೂಲ ಸರಣಿ (1966–73) ಒಂದು ತಂಡದ ಕಥೆ. ಯಾರಿಗೂ ಸ್ವಂತ ಬದುಕಿಲ್ಲ, ಕೆಲಸ ಒಂದೇ. ಬ್ರಯನ್ ಡಿ ಪಾಮಾ 1996ರ ಚಿತ್ರದಲ್ಲಿ ಆ ತಂಡವನ್ನು ಮೊದಲ ಅರ್ಧ ಗಂಟೆಯಲ್ಲೇ ಕೊಲ್ಲಿಸಿ, ನಾಯಕ ಜಿಮ್ ಫೆಲ್ಪ್ಸ್‌ನನ್ನೇ ದ್ರೋಹಿಯಾಗಿಸಿದರು. ಏಳು ವರ್ಷದಲ್ಲಿ ಆರು ವರ್ಷ ಫೆಲ್ಪ್ಸ್ ಆಗಿದ್ದ ಪೀಟರ್ ಗ್ರೇವ್ಸ್ ಆ ಪಾತ್ರ ಒಲ್ಲೆನೆಂದರು. ಅವರ ನೋವು ನ್ಯಾಯವಾದದ್ದು. ಜನ ವರ್ಷಗಟ್ಟಲೆ ನಂಬಿದ ಮನುಷ್ಯನನ್ನು ಒಂದು ತಿರುವಿಗಾಗಿ ಬಲಿ ಕೊಟ್ಟದ್ದು ಒರಟುತನ. ಹಾಗಿದ್ದೂ ಟಾಮ್ ಕ್ರೂಸ್ ಹಗ್ಗದಲ್ಲಿ ತೂಗುತ್ತ ಸದ್ದಿಲ್ಲದ ಕೋಣೆಗೆ ಇಳಿಯುವ ದೃಶ್ಯದಲ್ಲಿ ಸರಣಿಯ ನಿಜವಾದ ರಸವಿದೆ: ಮಾತಿಲ್ಲ, ಕೆಲಸವಿದೆ, ಒಂದು ಹನಿ ಬೆವರು ಬಿದ್ದರೂ ಕೆಟ್ಟಿತು. 2025ರ ಹೊತ್ತಿಗೆ ಎಂಟು ಚಿತ್ರಗಳಾದವು. ಈಗಿನ ಹುಡುಗರಲ್ಲಿ ಎಷ್ಟೋ ಮಂದಿಗೆ ಇದರ ಮೂಲ ಟಿವಿ ಎಂಬುದೇ ಗೊತ್ತಿಲ್ಲ.

ನಮ್ಮಲ್ಲಿ ಈ ದಾರಿ ಕಿರಿದು. ಹಾಸ್ಯ ಸರಣಿ ‘ಖಿಚಡಿ’ 2010ರಲ್ಲಿ ಸಿನಿಮಾ ಆಯಿತು. ಪಂಕಜ್ ಕಪೂರ್ ಅವರ ‘ಆಫೀಸ್ ಆಫೀಸ್’ 2011ರಲ್ಲಿ ಬಂತು: ಕಾಗದಪತ್ರದಲ್ಲಿ ಸತ್ತವನಾದ ಮುಸದ್ದಿಲಾಲ್ ತಾನು ಬದುಕಿದ್ದೇನೆಂದು ಸಾಬೀತುಪಡಿಸಲು ಹೋರಾಡುತ್ತಾನೆ. ಒಳ್ಳೆಯ ಎಳೆ. ಆದರೆ ವಾರಕ್ಕೊಂದು ಕಚೇರಿಯೆಂದು ಅಲೆಯುವ ಆ ಬಡಪಾಯಿಯ ಜೊತೆ ನಾವೂ ದಣಿಯುತ್ತಿದ್ದೆವಲ್ಲ, ಆ ದಣಿವು ಚಿತ್ರದಲ್ಲಿ ಹುಟ್ಟಲಿಲ್ಲ.

ಅರ್ಧಕ್ಕೆ ನಿಂತ ಕಥೆಗೆ ಕೊನೆ ಕೊಡುವುದು ಈ ಶತಮಾನದಲ್ಲಿ ಸಿನಿಮಾ ವಹಿಸಿಕೊಂಡ ಹೊಸ ಕೆಲಸ. ಫಾಕ್ಸ್ ವಾಹಿನಿ 2002ರಲ್ಲಿ ಕಂತುಗಳ ಕ್ರಮವನ್ನೇ ಕೆಡಿಸಿ ಪ್ರಸಾರ ಮಾಡಿ ನಿಲ್ಲಿಸಿದ ‘ಫೈರ್‌ಫ್ಲೈ’ಗೆ 2005ರಲ್ಲಿ ‘ಸೆರೆನಿಟಿ’ ಚಿತ್ರ ಬಂತು. 2014ರ ‘ವೆರೋನಿಕಾ ಮಾರ್ಸ್’ ಚಿತ್ರಕ್ಕೆ ಅಭಿಮಾನಿಗಳೇ 57 ಲಕ್ಷ ಡಾಲರ್ ಕೂಡಿಸಿದರು.

ಇವೆಲ್ಲಕ್ಕಿಂತ ಆಳವಾದ ಕೆಲಸ ಮಾಡಿ, ಅದಕ್ಕಾಗಿಯೇ ಬೈಸಿಕೊಂಡ ಚಿತ್ರ ಡೇವಿಡ್ ಲಿಂಚ್ ಅವರ ‘ಟ್ವಿನ್ ಪೀಕ್ಸ್: ಫೈರ್ ವಾಕ್ ವಿತ್ ಮಿ’. ಸರಣಿ (1990–91) ಶುರುವಾಗುವುದೇ ಲಾರಾ ಪಾಮರ್ ಎಂಬ ಹುಡುಗಿಯ ಹೆಣ ಸಿಗುವುದರೊಂದಿಗೆ. ಅಲ್ಲಿ ಲಾರಾ ಒಂದು ಫೋಟೋ, ಒಂದು ಒಗಟು. ಊರಿನ ವಿಚಿತ್ರ ಜನ, ಕಾಫಿ, ಚೆರಿ ಪೈ ಇವೆಲ್ಲ ಸೇರಿ ಸರಣಿ ಆಪ್ತವಾಯಿತು, ಹುಡುಗಿ ಹಿಂದೆ ಸರಿದಳು. 1992ರ ಚಿತ್ರ ಲಾರಾಳ ಕೊನೆಯ ಏಳು ದಿನಗಳನ್ನು ಆಕೆಯ ಜೊತೆಗೇ ನಿಂತು ಕಂಡಿತು: ಮನೆಯೊಳಗೇ, ತಂದೆಯಿಂದಲೇ ಹಿಂಸೆಗೊಳಗಾಗುವ ಹುಡುಗಿಯ ಭಯ, ಛಲ, ಒಂಟಿತನ. ಹಳೆಯ ಆಪ್ತತೆ ಬಯಸಿ ಬಂದವರು ಸಿಟ್ಟಾದರು. ಕಾನ್ ಉತ್ಸವದಲ್ಲೂ ಪತ್ರಕರ್ತರು ಹಗೆಯಿಂದಲೇ ಕಂಡರು. ಲಾರಾ ಪಾತ್ರದಲ್ಲಿ ಶೆರಿಲ್ ಲೀ ಮಾಡಿದ ಅಭಿನಯಕ್ಕೆ ಸಿಗಬೇಕಾದ ಮಾನ ಸಿಗಲು ಎಷ್ಟೋ ವರ್ಷ ಹಿಡಿಯಿತು. 2017ರಲ್ಲಿ ಲಿಂಚ್ 18 ಕಂತುಗಳೊಂದಿಗೆ ಟಿವಿಗೆ ಮರಳಿದಾಗ ಆ ಚಿತ್ರವನ್ನು ನೋಡದವರಿಗೆ ಕಥೆಯೇ ಬಿಡಿಸುವಂತಿರಲಿಲ್ಲ. ಹದಿನೇಳನೆಯ ಕಂತಿನಲ್ಲಿ ಅವರು 1992ರ ಚಿತ್ರದ ದೃಶ್ಯಗಳನ್ನೇ ತೆಗೆದು ಬಳಸಿದರು. ವಯಸ್ಸಾದ ಪತ್ತೇದಾರ ಕೂಪರ್ ಆ ಹಳೆಯ ರಾತ್ರಿಯೊಳಗೆ ಹೋಗಿ, ಕೊಲೆಯಾಗುವ ಮೊದಲೇ ಲಾರಾಳ ಕೈ ಹಿಡಿದು ಕಾಡಿನಿಂದ ಹೊರಗೆ ಕರೆತರಲು ನೋಡುತ್ತಾನೆ.