ದಾದಿಯರೂ ಗಣಕಯಂತ್ರವೂ

ದಾದಿಯರಿಗೆ ಗಣಕಯಂತ್ರವೆಂದರೆ ಅಂಜಿಕೆಯೆಂಬ ಮಾತನ್ನು ಇತಿಹಾಸವು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಲಾಕ್‌ಹೀಡ್ ವಿಮಾನಸಂಸ್ಥೆಯಲ್ಲಿ ರೂಪುಗೊಂಡು ಟೆಕ್ನಿಕಾನ್ ಸಂಸ್ಥೆಯ ಕೈಸೇರಿದ ಗಣಕವ್ಯವಸ್ಥೆಯು 1971ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಕಾಮಿನೊ ಆಸ್ಪತ್ರೆಗೆ ಬಂದಿತು. ಅದುವರೆಗೆ ವೈದ್ಯರ ಆದೇಶವನ್ನು ಔಷಧಶಾಲೆಗೊಂದು, ಪ್ರಯೋಗಾಲಯಕ್ಕೊಂದು ಚೀಟಿಯಾಗಿ ನಕಲಿಸುವ ದುಡಿಮೆ ದಾದಿಯರ ಕಟ್ಟೆಯದಾಗಿದ್ದಿತು. ಇನ್ನು ಮುಂದೆ ವೈದ್ಯರೇ ಬೆಳಕಿನ ಲೇಖನಿಯನ್ನು ತೆರೆಗೆ ತಾಗಿಸಿ ಆದೇಶ ನೀಡಬೇಕಾಯಿತು. ಹೊಸ ಹೊರೆ ಬಿದ್ದದ್ದು ಅವರ ಮೇಲೆ. ಹೆಚ್ಚಿನ ವಿರೋಧವೂ ಅವರಿಂದಲೇ ಬಂದಿತು. ನಕಲಿನ ಕಾಟ ತಪ್ಪಿದ ದಾದಿಯರಾದರೋ ಬೇಗನೆ ಹೊಂದಿಕೊಂಡರು.

1985ರಲ್ಲಿ ಸ್ಟ್ರಾಂಜ್ ಮತ್ತು ಬ್ರಾಡ್ಟ್ ಎಂಬುವರು ದಾದಿಯರ ಮನೋಭಾವವನ್ನಳೆಯಲು 20 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದನ್ನು ಬಳಸಿದ ಅಧ್ಯಯನಗಳು ದಾದಿಯ ವಯಸ್ಸು, ಓದು, ಅನುಭವಗಳನ್ನು ವಿಚಾರಿಸಿದವು. ಯಂತ್ರವು ಯಾರ ಬರವಣಿಗೆಯನ್ನು ಯಾರ ತಲೆಗೆ ಕಟ್ಟಿತೆಂಬುದನ್ನು ಅಷ್ಟಾಗಿ ವಿಚಾರಿಸಲಿಲ್ಲವೆಂಬುದೇ ನಮ್ಮ ಆಕ್ಷೇಪ.