ಕಪ್ಪು ದಾರ ಹಿಡಿದ ಕೈಗಳು

ಸಂಘದ ಸ್ಮರಣ ಸಂಚಿಕೆಯಲ್ಲಿ ಸಿನಿಮಾದ ಟ್ರಿಕ್ ಸೀನುಗಳ ಬಗ್ಗೆ ಯಾಕೆ ಬರೀಬೇಕು ಅಂತ ನಿಮ್ಮಲ್ಲಿ ಯಾರಾದರೂ ಕೇಳಬಹುದು. ಕೇಳ್ರಿ, ತಪ್ಪಿಲ್ಲ. ನಮ್ಮ ಓಣಿಯ ಹುಡುಗರು ಈಗ ಮೊಬೈಲಿನಲ್ಲೇ ಕಿರುಚಿತ್ರ ತೆಗೀತಾರೆ. ಆ್ಯಪ್ ಹಾಕಿ ಆಕಾಶಕ್ಕೆ ಬೆಂಕಿ ಹಚ್ಚತಾರೆ, ಮನುಷ್ಯನನ್ನು ಹಾರಸ್ತಾರೆ. ಅದೇ ಹುಡುಗರು ಹಳೇ ಕಪ್ಪು ಬಿಳುಪು ಪೌರಾಣಿಕ ಸಿನಿಮಾದ ತುಣುಕು ಬಂದರೆ ಬೆರಳು ನಿಲ್ಲಿಸಿ ನೋಡ್ತಾರೆ. "ಕಂಪ್ಯೂಟರ್ ಇಲ್ಲದ ಕಾಲಕ್ಕ ಇದನ್ನ ಹ್ಯಾಂಗ ಮಾಡಿದರು?" ಅಂತ ಕೇಳ್ತಾರೆ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಬಡಗಿ, ಪೇಂಟರ್, ಚರ್ಮದ ಕೆಲಸದವರು, ದಾರದ ಕೆಲಸದವರು ಸಿಗುತ್ತಾರೆ. ಆಮೇಲೆ ನಮ್ಮದೇ ಸೋಲಾಪುರ ಜಿಲ್ಲೆ ಸಿಗುತ್ತದೆ. ಅದಕ್ಕೇ ಬರೆದೆ.

ಮೊದಲು ಜಾತ್ರೆಗೆ ಬರ್ರಿ. ಸಂಕ್ರಾಂತಿಯ ಹೊತ್ತಿಗೆ ಸೋಲಾಪುರದ ಹೋಮ್ ಮೈದಾನದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ ತುಂಬುತ್ತದೆ. ಅಕ್ಕಲಕೋಟ, ದುಧನಿ, ಮೈಂದರ್ಗಿ ಕಡೆಯಿಂದಲೂ ಮಂದಿ ಬರ್ತಾರೆ. ಇಂಥ ಜಾತ್ರೆಗಳಲ್ಲಿ ಒಂದು ಡೇರೆಯ ಮುಂದೆ ಮೈಕು ಕೂಗುತ್ತಿರುತ್ತದೆ: ದೇಹ ಇಲ್ಲದ ತಲೆ, ಮಾತಾಡುವ ತಲೆ! ಒಳಗೆ ಹೋದರೆ ಮೇಜಿನ ಮೇಲೆ ಒಂದು ತಲೆ, ಕೆಳಗೆ ಖಾಲಿ ಜಾಗ. ಖಾಲಿ ಅಂತ ನಮಗೆ ಕಾಣುತ್ತದೆ ಅಷ್ಟೆ. ಮೇಜಿನ ಕಾಲುಗಳ ನಡುವೆ ಎರಡು ಕನ್ನಡಿಗಳನ್ನು ಓರೆಯಾಗಿ ನಿಲ್ಲಿಸಿರುತ್ತಾರೆ. ಅವುಗಳಲ್ಲಿ ಪಕ್ಕದ ಪರದೆ ಮೂಡುತ್ತದೆ, ನಾವು ಅದನ್ನೇ ಹಿಂದಿನ ಪರದೆ ಅಂದುಕೊಳ್ಳುತ್ತೇವೆ. ಈ ಆಟವನ್ನು 1865ರಲ್ಲಿ ಲಂಡನ್ನಿನ ರಂಗದ ಮೇಲೆ ತೋರಿಸಿದಾಗ ಅಲ್ಲಿಯ ಜನವೂ ಬೆರಗಾಗಿತ್ತು. ಗುಟ್ಟು ಗೊತ್ತಾದ ಮೇಲೂ ನಾವು ಮತ್ತೊಮ್ಮೆ ಹಣಿಕಿ ನೋಡ್ತೀವಿ. ಯಾಕಂದರೆ ಆ ಕನ್ನಡಿಯ ಹಿಂದೆ ಮೊಣಕಾಲು ಮಡಚಿಕೊಂಡು ತಾಸುಗಟ್ಟಲೆ ಒಬ್ಬ ಮನುಷ್ಯ ನಿಜವಾಗಿ ಕೂತಿರ್ತಾನ. ಹಳೇ ಟ್ರಿಕ್ಕಿನ ಸೆಳೆತ ಇರೋದು ಅಲ್ಲೇ ಅಂತ ನನ್ನ ಲೆಕ್ಕ. ಕಣ್ಣಿಗೆ ಮೋಸ ಆಗುತ್ತದೆ, ಆದರೆ ಆ ಮೋಸವನ್ನು ಯಾರೋ ಮೈಮುರಿದು ಮಾಡಿರ್ತಾರೆ.

ಸಿನಿಮಾ ಬರುವ ಎಷ್ಟೋ ಮೊದಲು ನಮ್ಮ ಕಡೆ ಪರದೆಯ ಆಟ ಇತ್ತು. ಕಿಳ್ಳೇಕ್ಯಾತರ ತೊಗಲು ಗೊಂಬೆ. ಚರ್ಮವನ್ನು ನೆನೆಹಾಕಿ, ಕೂದಲು ತೆಗೆದು, ಬೆಳಕು ಆಚೆ ಹಾಯುವಷ್ಟು ತೆಳ್ಳಗೆ ಕೆರೆದು, ಉಳಿಯಿಂದ ತೂತು ಕೊರೆದು, ಬಣ್ಣ ಹಚ್ಚಿ ಗೊಂಬೆ ಮಾಡುತ್ತಿದ್ದರು. ಹಿಂದೆ ದೀಪ, ಮುಂದೆ ಬಿಳಿ ಬಟ್ಟೆ. ಗೊಂಬೆ ಪರದೆಗೆ ಹತ್ತಿದರೆ ಚಿತ್ರ ನಿಚ್ಚಳ, ದೂರ ಸರಿದರೆ ಮಸುಕು. ಹನುಮಂತ ಹಾರಬೇಕಾದರೆ ಹಾರಿದ, ರಾವಣನ ತಲೆ ಬೀಳಬೇಕಾದರೆ ಬಿತ್ತು. ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬಂದು ದೊಡ್ಡವರನ್ನೆಲ್ಲ ಗೇಲಿ ಮಾಡಿ ಹೋಗುತ್ತಿದ್ದರು. ಈ ಜನ ಮನೆಯೊಳಗ ಮರಾಠಿ ಬೆರೆತ ಮಾತು ಆಡ್ತಾರೆ, ಪರದೆ ಮುಂದ ಕನ್ನಡ. ನಮ್ಮಂಥ ಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಇವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಇದ್ದಾರೆ. ತೊಗಲು ಮುಟ್ಟಿದವನು ಮೈಲಿಗೆ, ಅದೇ ತೊಗಲಿನ ರಾಮ ಪರದೆ ಮೇಲೆ ಬಂದರೆ ಕೈ ಮುಗಿಯೋದು! ಇದನ್ನು ಸ್ವಲ್ಪ ತಲೆಯಲ್ಲಿ ಇಟ್ಟುಕೊಳ್ರಿ, ಮುಂದೆ ಬೇಕಾಗುತ್ತದೆ.

ಸಿನಿಮಾದ ಟ್ರಿಕ್ಕಿಗೆ ಗುರು ಅಂದರೆ ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆ. ಕ್ಯಾಮೆರಾ ನಿಲ್ಲಿಸಿ, ವಸ್ತು ಬದಲಿಸಿ, ಮತ್ತೆ ಚಾಲೂ ಮಾಡಿದರೆ ಪರದೆಯ ಮೇಲೆ ಒಂದು ಇನ್ನೊಂದಾಗಿ ಬಿಡುತ್ತದೆ ಅನ್ನೋದನ್ನು ಆತ ಪಳಗಿಸಿಕೊಂಡ. 1902ರಲ್ಲಿ ಚಂದ್ರಲೋಕಕ್ಕೆ ಹೋಗುವ ಚಿತ್ರ ಮಾಡಿದ. ನಮ್ಮಲ್ಲಿ ದಾದಾಸಾಹೇಬ ಫಾಳ್ಕೆ ಕೂಡ ಜಾದೂ ಕಲಿತವರೇ. ತಮ್ಮ ಹೆಸರಿನ ಅಕ್ಷರ ತಿರುವಿ 'ಪ್ರೊಫೆಸರ್ ಕೇಳ್ಫಾ' ಅಂತ ಪ್ರಯೋಗ ಮಾಡುತ್ತಿದ್ದರು. ಬಟಾಣಿ ಗಿಡವನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ತೆಗೆದು, ಕ್ಷಣದಲ್ಲಿ ಬೆಳೆಯುವ ಹಾಗೆ ತೋರಿಸಿದರು. 1913ರ 'ರಾಜಾ ಹರಿಶ್ಚಂದ್ರ'ದಲ್ಲಿ ತಾರಾಮತಿಯಾದವರು ಸಾಳುಂಕೆ, ಮುಂಬಯಿಯ ಉಪಾಹಾರಗೃಹದಲ್ಲಿ ಕೆಲಸಕ್ಕಿದ್ದ ಗಂಡಸು. 1917ರ 'ಲಂಕಾದಹನ'ದಲ್ಲಿ ಅದೇ ಸಾಳುಂಕೆ ರಾಮನೂ ಹೌದು, ಸೀತೆಯೂ ಹೌದು.

ಆಗಿನ ಕ್ಯಾಮೆರಾಕ್ಕೆ ಕೈಯಿಂದ ತಿರುಗಿಸುವ ಹಿಡಿಕೆ. ಒಂದು ಸುತ್ತಿಗೆ 8 ಚೌಕಟ್ಟು ಓಡುತ್ತಿತ್ತು. ಒಬ್ಬನೇ ನಟ ಎರಡು ಕಡೆ ಕಾಣಬೇಕಾದರೆ ಲೆನ್ಸಿನ ಅರ್ಧಕ್ಕೆ ಕಪ್ಪು ರಟ್ಟು ಹಿಡಿದು ಒಂದು ಸಲ ತೆಗೆಯಬೇಕು. ಆಮೇಲೆ ಸುತ್ತು ಎಣಿಸಿಕೊಂಡು ರೀಲನ್ನು ಅಷ್ಟೇ ಹಿಂದಕ್ಕೆ ತಿರುಗಿಸಿ, ರಟ್ಟನ್ನು ಇನ್ನೊಂದು ಅರ್ಧಕ್ಕೆ ಹಿಡಿದು ಮತ್ತೆ ತೆಗೆಯಬೇಕು. ಎಣಿಕೆ ಒಂದು ತಪ್ಪಿದರೆ ಎರಡೂ ಸಲದ ಶ್ರಮ ನೀರುಪಾಲು. ಅದನ್ನು ಸರಿಪಡಿಸೋ ಬಟನ್ ಇರಲಿಲ್ಲ ನೋಡ್ರಿ.

ಇನ್ನು ಕೊಲ್ಹಾಪುರಕ್ಕೆ ಹೋಗೋಣ. ಅಲ್ಲಿಯ ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ ಕೈಕಸಬಿನ ಮನೆಯವರು. ನಾಟಕ ಕಂಪನಿಗಳಿಗೆ ಪರದೆ ಬರೆದು ಬರೆದು ಅವರ ಹೆಸರೇ ಬಾಬುರಾವ್ ಪೇಂಟರ್ ಆಯಿತು. ಅಂಥ ಪರದೆಗಳ ಮುಂದೆ ಹಾಡಿದ ಕೇಶವರಾವ್ ಭೋಸಲೆಯವರ ಲಲಿತಕಲಾದರ್ಶ ಮಂಡಳಿ 1908ರಲ್ಲಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಹೊರದೇಶದ ಕ್ಯಾಮೆರಾ ಕೊಳ್ಳಲು ದುಡ್ಡಿಲ್ಲ ಅಂತ ಬಾಬುರಾವ್ ಕೈಕಟ್ಟಿ ಕೂಡಲಿಲ್ಲ. ಶಿಷ್ಯ ದಾಮ್ಲೆಯವರನ್ನು ಕೂಡಿಸಿಕೊಂಡು ಕ್ಯಾಮೆರಾವನ್ನೇ ಕೈಯಿಂದ ಕಟ್ಟಿದರು. ಬಂಡವಾಳಕ್ಕೆ ನೆರವಾದವರು ಗಾಯಕಿ ತಾನೀಬಾಯಿ ಕಾಗಲ್ಕರ್. ಬೆನ್ನಿಗೆ ನಿಂತವರು ಛತ್ರಪತಿ ಶಾಹು ಮಹಾರಾಜರು, 1902ರಲ್ಲಿ ನಮಗೆಲ್ಲ ಮೀಸಲಾತಿಯ ಬಾಗಿಲು ತೆರೆದ ಅದೇ ಶಾಹು. 1920ರಲ್ಲಿ 'ಸೈರಂಧ್ರಿ' ಬಂತು. ಅದರಲ್ಲಿ ಭೀಮ ಕೀಚಕನನ್ನು ಕೊಲ್ಲುವ ದೃಶ್ಯ ಎಷ್ಟು ನಿಜವಾಗಿ ಕಂಡಿತು ಅಂದರೆ ಥೇಟರಿನಲ್ಲಿ ಜನ ಚೀರಿದರು, ಕೊನೆಗೆ ಅದನ್ನು ಕತ್ತರಿಸಬೇಕಾಯಿತು. ಒಬ್ಬ ಪರದೆ ಬರೆಯುವವನ ಕೈಯ ಕೆಲಸಕ್ಕೆ ಸರಕಾರ ಅಂಜಿತು!

ಬಾಬುರಾವ್ ಗರಡಿಯಲ್ಲಿ ಪಳಗಿದವರೇ ದಾಮ್ಲೆ ಮತ್ತು ಫತ್ತೇಲಾಲ್. 1929ರಲ್ಲಿ ಶಾಂತಾರಾಮ್ ಮುಂತಾದವರ ಜತೆ ಕೂಡಿ ಪ್ರಭಾತ್ ಕಂಪನಿ ಕಟ್ಟಿದರು. ಒಬ್ಬರು ಬ್ರಾಹ್ಮಣ, ಒಬ್ಬರು ಮುಸಲ್ಮಾನ, ಇಬ್ಬರೂ ಕೂಡಿ 1936ರಲ್ಲಿ 'ಸಂತ ತುಕಾರಾಮ' ಮಾಡಿದರು. ಮುಂಬಯಿಯ ಸೆಂಟ್ರಲ್ ಥೇಟರಿನಲ್ಲಿ ಅದು 57 ವಾರ ಓಡಿತು. ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಅದರಲ್ಲಿ ನದಿ ನುಂಗಿದ ಅಭಂಗದ ಹೊತ್ತಿಗೆಗಳು ತಿರುಗಿ ಬರುತ್ತವೆ. ಕೀರ್ತನೆಗೆ ಕೂತ ಮಂದಿಯೆಲ್ಲ ಶಿವಾಜಿಯಾಗಿ ಕಾಣುತ್ತಾರೆ. ಕೊನೆಗೆ ತುಕೋಬಾ ವಿಮಾನದಲ್ಲಿ ಕೂತು ಮೇಲಕ್ಕೆ ಹೋಗುತ್ತಾರೆ. ಎಲ್ಲವನ್ನೂ ಸ್ಟುಡಿಯೋದವರು ಕೈಯಿಂದಲೇ ಮಾಡಿದ್ದು. ಇನ್ನೊಂದು ಸಂಗತಿ ನೀವು ಕೇಳಿರಲಿಕ್ಕಿಲ್ಲ. ಗಂಡನಿಗೂ ದೇವರಿಗೂ ಬೈಯುತ್ತ ಇಡೀ ಸಿನಿಮಾವನ್ನು ನೆಲದ ಮೇಲೆ ಹಿಡಿದಿಡುವ ಜೀಜಾಯಿಯ ಪಾತ್ರದ ಗೌರಿ, ಪ್ರಭಾತ್ ಸ್ಟುಡಿಯೋದಲ್ಲಿ ಕಸ ಗುಡಿಸುವ ಕೆಲಸದಿಂದ ಮೇಲೆ ಬಂದವರು. ವಿಮಾನ ಒಂದು ಸಲ ನೋಡಿದರೆ ಸಾಕು. ಗೌರಿಯನ್ನು ನೂರು ಸಲ ನೋಡಬಹುದು.

ಇಲ್ಲಿ ನಮ್ಮ ಜಿಲ್ಲೆ ಬರುತ್ತದೆ. ಪಂಢರಪುರ ಇರೋದು ಸೋಲಾಪುರ ಜಿಲ್ಲೆಯಲ್ಲೇ. 1936ರಲ್ಲಿ ಅಲ್ಲಿಯ ವಿಠ್ಠಲನ ಗುಡಿಯೊಳಗೆ ನಮ್ಮ ಹಿರಿಯರಿಗೆ ಪ್ರವೇಶ ಇರಲಿಲ್ಲ. ಚೋಖಾಮೇಳ ದುಡಿದದ್ದು, ಗೋಡೆ ಕುಸಿದು ಸತ್ತದ್ದು ಇದೇ ಜಿಲ್ಲೆಯ ಮಂಗಳವೇಢೆಯಲ್ಲಿ. ಅವರ ಸಮಾಧಿ ಗುಡಿಯ ಮಹಾದ್ವಾರದ ಹೊರಗೇ ಉಳಿಯಿತು. ಅಂಥ ಕಾಲದಲ್ಲಿ ಸ್ಟುಡಿಯೋದವರು ತಮ್ಮ ಕೈಯಿಂದ ಒಬ್ಬ ವಿಠ್ಠಲನನ್ನು ನಿಲ್ಲಿಸಿದರು. ಅವನ ಮುಂದೆ ಕೂಡಲು ಟಿಕೆಟ್ಟಿನ ದುಡ್ಡು ಸಾಕಿತ್ತು. ನಿಜವಾದ ಗುಡಿಯ ಬಾಗಿಲು ತೆರೆಯಲು 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿ ಪಂಢರಪುರದಲ್ಲಿ ಉಪವಾಸ ಕೂಡಬೇಕಾಯಿತು. ಸಿನಿಮಾದ ವಿಠ್ಠಲ ಹೆಚ್ಚುಕಮ್ಮಿ 11 ವರ್ಷ ಮುಂದಿದ್ದ. ಬಾಬಾಸಾಹೇಬರು ಮಾತ್ರ 1935ರ ಯೇವಲೆಯ ಘೋಷಣೆಯ ಹೊತ್ತಿಗೇ ಗುಡಿಯ ದಾರಿ ಬಿಟ್ಟು ಬೇರೆ ದಾರಿ ಹಿಡಿದಿದ್ದರು, ಅದು ನಿಮಗೆ ಗೊತ್ತೇ ಇದೆ.

ಹೊಗಳಿದ್ದಷ್ಟೇ ಹೇಳಿ ಬಿಟ್ಟರೆ ಸರಿ ಆಗೋದಿಲ್ಲ. ತುಕಾರಾಮರು ವೈಕುಂಠಕ್ಕೆ ಹೋಗಲಿಲ್ಲ, ಅವರ ಕೊಲೆ ಆಯಿತು ಅಂತ ಬಹುಜನ ಲೇಖಕರು ವಾದಿಸುತ್ತ ಬಂದಿದ್ದಾರೆ. ಸಿನಿಮಾದ ವಿಮಾನ ಹಾರುವ ಚಂದಕ್ಕೆ ಆ ಪ್ರಶ್ನೆಯೇ ಮರೆತು ಹೋಗ್ತದ. ಟ್ರಿಕ್ಕಿಗೆ ಇಂಥ ಶಕ್ತಿಯೂ ಇದೆ. ಆದ್ದರಿಂದ ಚಪ್ಪಾಳೆ ಹೊಡೀರಿ, ಹೊಡೆಯುವಾಗ ದಾರ ಎಲ್ಲಿದೆ ಅಂತಾನೂ ಹುಡುಕ್ರಿ.

ದಾರದ ಮಾತು ಬಂತು. ಸೂರತಿನ ಬಾಬುಭಾಯಿ ಮಿಸ್ತ್ರಿ ಅಂತ ಒಬ್ಬರಿದ್ದರು. (ಇವರೂ ಮಿಸ್ತ್ರಿ, ಕೊಲ್ಹಾಪುರದವರೂ ಮೇಸ್ತ್ರಿ, ಹೆಸರಿನೊಳಗೇ ಕಸಬು.) ಇಂಗ್ಲಿಷಿನ 'ದಿ ಇನ್ವಿಸಿಬಲ್ ಮ್ಯಾನ್' ಚಿತ್ರದಂತೆ ಕಾಣದ ಮನುಷ್ಯನನ್ನು ತೋರಿಸಬೇಕು ಅಂತ ವಿಜಯ ಭಟ್ಟರು 1937ರಲ್ಲಿ 'ಖ್ವಾಬ್ ಕೀ ದುನಿಯಾ' ತೆಗೆದಾಗ, ಬಾಬುಭಾಯಿ ಕಪ್ಪು ಹಿನ್ನೆಲೆಯ ಮುಂದೆ ಕಪ್ಪು ದಾರ ಕಟ್ಟಿ ವಸ್ತುಗಳನ್ನು ತಾವಾಗಿಯೇ ಓಡಾಡಿಸಿದರು. ಅಂದಿನಿಂದ ಅವರಿಗೆ 'ಕಾಲಾ ಧಾಗಾ' ಅಂತಲೇ ಹೆಸರು ಬಿತ್ತು. ಮುಂದೆ 1961ರ 'ಸಂಪೂರ್ಣ ರಾಮಾಯಣ'ವನ್ನು ನಿರ್ದೇಶಿಸಿದವರು ಇವರೇ.

ಸೋಲಾಪುರದವರಿಗೆ ದಾರ ಅಂದರೆ ಏನು ಅಂತ ಹೇಳಿಕೊಡಬೇಕೇನು? 1877ರ ಜುನಿ ಮಿಲ್ಲಿನಿಂದ ಹಿಡಿದು ಪವರ್‌ಲೂಮ್, ಚಾದರದ ತನಕ ಈ ಊರು ನಿಂತಿದ್ದೇ ನೂಲಿನ ಮೇಲೆ. ಆದರೆ ನೂಲಿಗೂ ಜಾತಿ ಇತ್ತು. ಮುಂಬಯಿಯ ಗಿರಣಿಗಳಲ್ಲಿ ನೇಯುವ ಖಾತೆಗೆ ದಲಿತರನ್ನು ಸೇರಿಸುತ್ತಿರಲಿಲ್ಲ. ಕಾರಣ ಕೇಳ್ರಿ: ಲಾಳಿಯ ತೂತಿನಿಂದ ದಾರವನ್ನು ಬಾಯಿಂದ ಎಳೆಯಬೇಕು. ದಲಿತನ ಎಂಜಲು ತಾಗಿದ ಲಾಳಿಯನ್ನು ಉಳಿದವರು ಮುಟ್ಟೋದಿಲ್ಲ! ಹಾಗಾಗಿ ಹೆಚ್ಚು ಕೂಲಿಯ ನೇಯ್ಗೆ ಅವರಿಗೆ, ಕಡಿಮೆ ಕೂಲಿಯ ನೂಲುವ ಕೆಲಸ ನಮಗೆ. 1928ರ ಗಿರಣಿ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಇದನ್ನೇ ಮುಂದಿಟ್ಟು ಕೇಳಿದರು. ಅದಕ್ಕೂ ಮೊದಲು, 1925ರಲ್ಲಿ, ಅವರ ಬಹಿಷ್ಕೃತ ಹಿತಕಾರಿಣಿ ಸಭೆ ಸೋಲಾಪುರದಲ್ಲಿ ನಮ್ಮ ಮಕ್ಕಳಿಗೆ ವಸತಿಗೃಹ ತೆರೆದಿತ್ತು. ಪರದೆಯ ಮೇಲೆ ಕಪ್ಪು ದಾರ ಯಾರ ಕಣ್ಣಿಗೂ ಕಾಣಬಾರದು. ಗಿರಣಿಯಲ್ಲೂ ಅಷ್ಟೇ: ಬಟ್ಟೆ ಕಾಣಬೇಕು, ನೂಲು ತೆಗೆದವನು ಕಾಣಬಾರದು.

ನಮ್ಮೂರಿನ ಪೂರ್ವ ಭಾಗದ ಪದ್ಮಶಾಲಿ ನೆರೆಯವರು ತೆಲುಗು ಮಾತಾಡುವವರು. ತೆಲುಗಿನಲ್ಲಿ ದೆವ್ವ ಭೂತದ ಟ್ರಿಕ್ ಸಿನಿಮಾಗಳಿಗೆ ಹೆಸರಾದ ಬಿ. ವಿಠ್ಠಲಾಚಾರ್ಯರು ಉಡುಪಿ ಕಡೆಯ ಕನ್ನಡಿಗರು ಅನ್ನೋದು ಅವರಿಗೂ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುವ ದೆವ್ವ ಅವರ ಸಿನಿಮಾದ್ದೇ. ನೋಡಿದರೆ ನಗು ಬರುತ್ತದೆ, ಹೆದರಿಕೆಯೂ ಬರುತ್ತದೆ, ಎರಡೂ ಒಟ್ಟಿಗೆ.

ಈಗಿನ ಕಂಪ್ಯೂಟರ್ ಕೆಲಸ ಸುಮ್ಮನೆ ಬಂದದ್ದು ಅಂತ ನಾನು ಹೇಳೋದಿಲ್ಲ. ಅಲ್ಲೂ ರಾತ್ರಿಯಿಡೀ ಕಣ್ಣು ಕೆಂಪು ಮಾಡಿಕೊಂಡು ಕೂಡುವ ಹುಡುಗ ಹುಡುಗಿಯರು ಇದ್ದಾರೆ. ವ್ಯತ್ಯಾಸ ಇಷ್ಟೇ: ಅವರ ಕೈ ಹುಡುಕಿದರೂ ನಮ್ಮ ಕಣ್ಣಿಗೆ ಸಿಗೋದಿಲ್ಲ. ಹಳೆಯದರಲ್ಲಿ ಒಂದು ಮೂಲೆಯಲ್ಲಾದರೂ ಗೊಂಬೆ ಅಲುಗಿ, ಬಣ್ಣ ಒಡೆದು, ಸುಳಿವು ಬಿಟ್ಟುಕೊಡುತ್ತದೆ.

ಕೊನೆಗೆ ನಮ್ಮ ಜಿಲ್ಲೆಯ ನಾಗರಾಜ ಮಂಜುಳೆ. ಊರು ಜೇವೂರು, ನಮ್ಮ ಅಕ್ಕಲಕೋಟ ತಾಲೂಕಿನದಲ್ಲ, ಕರಮಾಳದ್ದು. ವಡ್ಡರ ಮನೆಯ ಮಗ. ಅವರ 2013ರ 'ಫಂಡ್ರಿ'ಯಲ್ಲಿ ಕೈಕಾಡಿ ಹುಡುಗ ಜಬ್ಯಾ ಒಂದು ಜಾದೂ ನಂಬಿರುತ್ತಾನೆ: ಕಪ್ಪು ಗುಬ್ಬಿ ಸಿಕ್ಕರೆ, ಅದನ್ನು ಸುಟ್ಟ ಬೂದಿ ಹಾಕಿದರೆ, ಮೇಲ್ಜಾತಿಯ ಹುಡುಗಿ ತನ್ನವಳಾಗ್ತಾಳ. ಸಿನಿಮಾ ಆ ಜಾದೂವನ್ನು ಮಾಡಿ ತೋರಿಸುವುದಿಲ್ಲ. ಅದರ ಬದಲು ಇಡೀ ಊರಿನ ಮುಂದೆ ಹಂದಿಯ ಹಿಂದೆ ಓಡಿಸುತ್ತದೆ. ಹಿಡಿದ ಹಂದಿಯನ್ನು ಬೊಂಬಿಗೆ ಕಟ್ಟಿ ಹೊತ್ತು ನಡೆಯುವಾಗ ಹಿಂದೆ ಶಾಲೆಯ ಗೋಡೆ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಂಬೇಡ್ಕರ್, ಸಾವಿತ್ರಿಬಾಯಿ. ಯಾರೋ ಪೇಂಟರ್ ಬರೆದ ಗೋಡೆ, ನಾಲ್ಕು ಜನ ನಡೆಯುವ ದಾರಿ, ಅಷ್ಟೆ. ಇದಕ್ಕಿಂತ ದೊಡ್ಡ ಟ್ರಿಕ್ ಸೀನನ್ನು ನಾನಂತೂ ನೋಡಿಲ್ಲ. ಕಡೆಗೆ ಜಬ್ಯಾ ಬೀಸಿದ ಕಲ್ಲು ನೇರ ನೋಡುವವರ ಕಡೆಗೇ ಬರುತ್ತದೆ.

ಕಿರುಚಿತ್ರ ತೆಗೆಯುವ ತಮ್ಮಂದಿರೇ, ತಂಗಿಯರೇ, ಬಾಬುಭಾಯಿಯ ಆಟ ನೀವೂ ಮಾಡಿ ನೋಡ್ರಿ. ಖರ್ಚು ಹತ್ತಿಪ್ಪತ್ತು ರೂಪಾಯಿ. ಹಿಂದೆ ಮಿಂಚದ ಕಪ್ಪು ಬಟ್ಟೆ ಕಟ್ಟಿ, ಹೊಳಪಿಲ್ಲದ ಕಪ್ಪು ನೂಲು ಹೊಲಿಗೆಯವರ ಹತ್ತಿರ ಇಸಕೊಳ್ರಿ. ಒಂದು ಹಗುರ ಚಹಾ ಕಪ್ಪಿಗೆ ಎರಡು ಕಡೆ ಕಟ್ಟಿ, ಒಬ್ಬರು ಮೇಲಿಂದ ಹಿಡೀಬೇಕು, ಇನ್ನೊಬ್ಬರು ಪಕ್ಕದಿಂದ ಮೆಲ್ಲಗೆ ಎಳೀಬೇಕು. ಮೊಬೈಲನ್ನು ಅಲುಗಾಡದ ಹಾಗೆ ಇಟ್ಟಿಗೆಗೆ ಆನಿಸಿ ಇಡ್ರಿ. ಚಿತ್ರದ ಕೊನೆಗೆ ಹೆಸರು ಬರುವಾಗ ದಾರ ಎಳೆದವರ ಹೆಸರೂ ಹಾಕ್ರಿ. ಬೆಳಕು ಎದುರಿನಿಂದ ಬಿದ್ದರೆ ದಾರ ಮಿಂಚುತ್ತದೆ. ಹಾಗೆ ಕಂಡರೆ ದೀಪವನ್ನು ಇನ್ನಷ್ಟು ಪಕ್ಕಕ್ಕೆ ಸರಿಸ್ರಿ.