ಜೀವಕೋಶದ ಸ್ವಭಕ್ಷಣೆ ಮತ್ತು ಹೃದಯ

ಘಟಪ್ರಭಾ ನದಿಯ ಧುಪದಾಳ ಒಡ್ಡಿನಿಂದ ಹೊರಡುವ ಕಾಲುವೆಯಲ್ಲಿ ನೀರಿನ ಮಟ್ಟ ಏರಿದರೆ ಗೋಕಾಕ ಭಾಗದ ರೈತರಿಗೆ ಎರಡು ಕಾರಣಗಳು ಹೊಳೆಯುತ್ತವೆ: ಮೇಲಿನಿಂದ ಹೆಚ್ಚು ನೀರು ಬಿಟ್ಟಿರಬೇಕು, ಇಲ್ಲವೇ ಕೆಳಗೆಲ್ಲೋ ಕಸ ಕಟ್ಟಿರಬೇಕು. ಮಟ್ಟವನ್ನಷ್ಟೇ ನೋಡಿದರೆ ಹರಿವು ತಿಳಿಯದು. ಹೃದ್ರೋಗದ ಸಂಶೋಧನೆಯಲ್ಲೂ ಇದೇ ಪ್ರಶ್ನೆ ಎದುರಾಯಿತು.

ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ ಅವರು ಇಲಿಯ ಯಕೃತ್ತನ್ನು ಅರೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿದ ಕಣಗಳಿಗೆ 1955ರಲ್ಲಿ 'ಲೈಸೋಸೋಮ್' ಎಂದು ಹೆಸರಿಟ್ಟರು. ಇವು ಜೀರ್ಣಕಾರಿ ಕಿಣ್ವಗಳಿರುವ ಚೀಲಗಳು. ಕೋಶವು ತನ್ನ ಸವೆದ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಈ ಚೀಲಗಳಿಗೆ ಒಪ್ಪಿಸುತ್ತದೆ. ಅಲ್ಲಿ ಒಡೆದು ಬಂದ ಅಮೈನೊ ಆಮ್ಲಗಳನ್ನು ಮತ್ತೆ ಬಳಸಿಕೊಳ್ಳುತ್ತದೆ. 1963ರಲ್ಲಿ ಡಿ ಡ್ಯೂವ್ ಇದನ್ನು 'ಆಟೊಫಗಿ', ಅಂದರೆ ಸ್ವಭಕ್ಷಣೆ, ಎಂದು ಕರೆದರು. ಇದಕ್ಕೆ ಬೇಕಾದ ಜೀನುಗಳನ್ನು 1990ರ ದಶಕದಲ್ಲಿ ಯೀಸ್ಟ್‌ನಲ್ಲಿ ಗುರುತಿಸಿದ ಜಪಾನಿನ ಯೊಶಿನೊರಿ ಒಸುಮಿ 2016ರಲ್ಲಿ ನೊಬೆಲ್ ಪಡೆದರು.

ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಶೇ. 1ರಷ್ಟೂ ಹೊಸದಾಗಿ ಹುಟ್ಟುವುದು ಕಷ್ಟ. ಇದ್ದ ಕೋಶವನ್ನೇ ದುರಸ್ತಿ ಮಾಡಿಕೊಂಡು ಬಾಳಬೇಕು. ಆದ್ದರಿಂದ ಸ್ವಭಕ್ಷಣೆ ಅಲ್ಲಿ ಅನಿವಾರ್ಯ.

ಆದರೆ ರೋಗಗ್ರಸ್ತ ಹೃದಯದ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇಂಥ ಪೊರೆಚೀಲಗಳು ಕಿಕ್ಕಿರಿದು ಕಂಡವು. ಅತಿಯಾದ ಸ್ವಭಕ್ಷಣೆಯೇ ಕೋಶವನ್ನು ಕೊಲ್ಲುತ್ತಿದೆಯೇ? 1981ರಲ್ಲಿ ವರ್ಣಿಸಲಾದ ಡ್ಯಾನನ್ ಕಾಯಿಲೆ ಇದಕ್ಕೆ ಬೆಳಕು ಚೆಲ್ಲಿತು. ಹುಡುಗರ ಹೃದಯವನ್ನು ಎಳೆವಯಸ್ಸಿನಲ್ಲೇ ಕೆಡಿಸುವ ಈ ಕಾಯಿಲೆಗೆ ಲೈಸೋಸೋಮಿನ ಪೊರೆಯ 'ಲ್ಯಾಂಪ್-2' ಎಂಬ ಪ್ರೋಟೀನಿನ ಕೊರತೆಯೇ ಕಾರಣವೆಂದು 2000ದಲ್ಲಿ ತಿಳಿಯಿತು. ಚೀಲಗಳು ತುಂಬಿದ್ದು ಸ್ವಭಕ್ಷಣೆ ಹೆಚ್ಚಿದ್ದರಿಂದಲ್ಲ, ಕೊನೆಯ ಹಂತ ಕಟ್ಟಿಕೊಂಡಿದ್ದರಿಂದ!

ಹರಿವನ್ನು ಅಳೆಯಲು ಪ್ರಯೋಗಾಲಯದಲ್ಲಿ ಒಂದು ಉಪಾಯವಿದೆ. ಮಲೇರಿಯಾ ಔಷಧಿ ಕ್ಲೋರೊಕ್ವಿನ್ ಲೈಸೋಸೋಮಿನ ಕೆಲಸ ನಿಲ್ಲಿಸುತ್ತದೆ. ಅದನ್ನು ಕೊಟ್ಟು, ನಿಗದಿತ ಸಮಯದಲ್ಲಿ ಎಷ್ಟು ಚೀಲಗಳು ಸೇರಿದವೆಂದು ಎಣಿಸಬೇಕು. ಕಾಲುವೆಯ ತೂಬು ಮುಚ್ಚಿ ಮಟ್ಟ ಏರುವ ವೇಗ ನೋಡಿದಂತೆ.

2007ರಲ್ಲಿ ಜಪಾನಿನ ವಿಜ್ಞಾನಿಗಳು ಬೆಳೆದ ಇಲಿಗಳ ಹೃದಯದಲ್ಲಿ 'ಎಟಿಜಿ-5' ಜೀನನ್ನು ತೆಗೆದುಹಾಕಿದಾಗ ಹೃದಯ ಹಿಗ್ಗಿ ದುರ್ಬಲವಾಯಿತು. ಅದೇ ವರ್ಷ ಇಲಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ ಬೇರೊಂದು ಮುಖ ತೋರಿಸಿತು: ರಕ್ತ ಪೂರೈಕೆ ನಿಂತಾಗ ಸ್ವಭಕ್ಷಣೆ ರಕ್ಷಕ, ರಕ್ತ ಮರಳಿ ಹರಿಯುವಾಗ ಅದೇ ಹಾನಿಕರವಾಗಬಲ್ಲದು.

ಚಿಕಿತ್ಸೆಯ ಕಷ್ಟ ಇರುವುದು ಇಲ್ಲಿಯೇ. ಡ್ಯಾನನ್ ರೋಗಿಗಳಿಗೆ ಸರಿಯಾದ ಜೀನನ್ನು ವೈರಸ್ ಮೂಲಕ ಸೇರಿಸಿದ ಮೊದಲ ಪ್ರಯೋಗದ ಆಶಾದಾಯಕ ವರದಿ 2024ರಲ್ಲಿ ಪ್ರಕಟವಾಯಿತು. 2025ರಲ್ಲಿ ಮುಂದಿನ ಹಂತದಲ್ಲಿ ಒಬ್ಬ ರೋಗಿ ಮೃತಪಟ್ಟಾಗ ಪ್ರಯೋಗವನ್ನು ಕೆಲಕಾಲ ತಡೆಹಿಡಿಯಲಾಯಿತು. ನಮ್ಮ ರಾಜ್ಯದಲ್ಲಿ, ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರವಿ ಮಂಜಿತ್ತಾಯ ಅವರ ತಂಡ ಸ್ವಭಕ್ಷಣೆಯನ್ನು ಪ್ರಭಾವಿಸುವ ಅಣುಗಳನ್ನು ಯೀಸ್ಟ್ ಬಳಸಿ ಹುಡುಕಿದೆ; ಅದರ 2017ರ ಇಲಿ ಅಧ್ಯಯನ ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ್ದು.

ಸ್ವಭಕ್ಷಣೆಯನ್ನು ಹೆಚ್ಚಿಸುವ ಔಷಧಿ ಎಲ್ಲ ಹೃದಯಕ್ಕೂ ಒಳ್ಳೆಯದೆನ್ನುವಂತಿಲ್ಲ. ಕೆಳಗೆ ಕಸ ಕಟ್ಟಿರುವಾಗ ಮೇಲಿನ ತೂಬು ಎತ್ತಿದರೆ ಏರಿ ಒಡೆಯುವುದು ಕಾಲುವೆಯೇ ತಾನೆ?